ಚಿತ್ತಯ್ಯನ ತಲೆಯೊಳಗಿನ ಗುಳ್ಳೆ

ತವರಿನಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕಾಲ ಬಂದರೆ ಹುಚ್ಚಕ್ಕನಿಗೆ ಗಂಡನ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಆ ವರ್ಷವೂ, ಎಪ್ಪತ್ತಾರರ ಚಳಿ ಮುಗಿಯುತ್ತಾ ಬಂದಂತೆ, ಸೀರೆಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು. ಧರ್ಮಪುರದಿಂದ ಆಚೆಗೆ, ಆಂಧ್ರದ ಗಡಿಯ ಪಕ್ಕದಲ್ಲೇ ಅವಳ ತವರುಹಟ್ಟಿ. ಅಲ್ಲಿ ಅಪ್ಪ ಕಾಟಲಿಂಗಪ್ಪ, ತಮ್ಮ ಚಿತ್ತಯ್ಯ, ತಮ್ಮನ ಹೆಂಡತಿ ಪಾಲಮ್ಮ, ಪಾಲಮ್ಮನ ಕಂಕುಳಲ್ಲೊಂದು ಕೂಸು. ಅವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಚಿತ್ತಯ್ಯನನ್ನು ಎತ್ತಿ ಆಡಿಸಿ ಬೆಳೆಸಿದವಳು ಹುಚ್ಚಕ್ಕನೇ.

ಚಿತ್ತಯ್ಯ ಮೂವತ್ತರ ಗಟ್ಟಿ ಆಳು. ಎಂಥ ಕೊಬ್ಬಿದ ಟಗರನ್ನಾದರೂ ನಾಲ್ಕೂ ಕಾಲು ಹಿಡಿದು ನೆಲಕ್ಕೆ ಕೆಡವುತ್ತಿದ್ದ. ಅವತ್ತು ಹಾಗೇ ಒಂದು ಟಗರನ್ನು ಕೆಡವಿ, ಮೊಣಕಾಲಲ್ಲಿ ಒತ್ತಿ ಹಿಡಿದು, ಅರ್ಧ ಮೈ ಕತ್ತರಿಸಿದ್ದ. ಇದ್ದಕ್ಕಿದ್ದಂತೆ ಕತ್ತರಿ ಕೈಯಿಂದ ಜಾರಿತು. ಎರಡೂ ಕೈಯಲ್ಲಿ ತಲೆಯ ಹಿಂಭಾಗ ಹಿಡಿದುಕೊಂಡ.

"ಅಕ್ಕಾ! ಯಾರೋ ಹಿಂದ್ಲಿಂದ ದೊಣ್ಣೇಲಿ ಹೊಡುದ್ರು ಕಣೇ!"

ಹಿಂದೆ ಯಾರೂ ಇರಲಿಲ್ಲ. ಟಗರು ಒದರಿಕೊಂಡು ಎದ್ದು, ಅರ್ಧ ಉಣ್ಣೆ ಹೊತ್ತುಕೊಂಡೇ ಬೇಲಿ ಹಾರಿ ಓಡಿತು. ಚಿತ್ತಯ್ಯ ಮಂಡಿಯೂರಿ ಕುಸಿದು ವಾಂತಿ ಮಾಡಿದ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎಂದು ಕಣ್ಣು ಮುಚ್ಚಿಕೊಂಡವನನ್ನು ನಾಲ್ವರು ಹಿಡಿದು ಒಳಗೆ ಮಲಗಿಸಿದರು.

 ಹುಚ್ಚಕ್ಕ ಈ ಮಾತನ್ನು ಮೊದಲೂ ಕೇಳಿದ್ದಳು. ಅವ್ವ ಬಾವಿಕಟ್ಟೆಯ ಮೇಲೆ ಕುಸಿದಾಗ ಹೇಳಿದ್ದೂ ಇದೇ, ಯಾರೋ ಹೊಡೆದರು ಎಂದು. ಅವ್ವನ ಅಣ್ಣ ಓಬಯ್ಯ ಹೊಲದಲ್ಲಿ ಬಿದ್ದವನು ಅದನ್ನು ಹೇಳುವಷ್ಟೂ ಉಳಿಯಲಿಲ್ಲ. ಅವ್ವನ ತಾತನೊಬ್ಬ ಹುತ್ತ ಅಗೆದು ನಾಗರಹಾವಿನ ಹೆಡೆ ಜಜ್ಜಿದ್ದನಂತೆ. ಆ ಪಾಪಕ್ಕೆ ಅವನ ಸಂತಾನದವರ ತಲೆ ಸಿಡಿಯುತ್ತದೆ ಎಂದು ಹಟ್ಟಿಯೇ ನಂಬಿತ್ತು. ಅವ್ವನ ಬೆನ್ನಿಗೆ ಹುಟ್ಟಿದ ಅಜ್ಜಪ್ಪ ಮಾವನಂತೂ ಹುತ್ತ ಕಂಡರೆ ದಾರಿ ಬಿಟ್ಟು ನಡೆಯುತ್ತಿದ್ದ.

ಸಂಜೆಯ ಹೊತ್ತಿಗೆ ಚಿತ್ತಯ್ಯ ಕಣ್ಣು ಬಿಟ್ಟ. ನಾಲ್ಕು ಗುಟುಕು ಅಂಬಲಿ ಕುಡಿದ. ನೋವಿದ್ದರೂ ಮಾತು ಸರಿಯಾಗಿತ್ತು. ಹಟ್ಟಿಯವರೆಲ್ಲ ಉಸಿರು ಬಿಟ್ಟರು.

ಅಜ್ಜಪ್ಪ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದ. "ನಾಗಪ್ಪ ಬರೀ ಮುಟ್ಟಿ ಬಿಟ್ಟವ್ನೆ. ಸೋಮವಾರ ಹುತ್ತಕ್ಕೆ ಹಾಲಿನ ತನಿ ಎರೆದು, ತಪ್ಪು ಕಾಣಿಕೆ ಕಟ್ಟಾಣ. ಅಲ್ಲೀಗಂಟ ಯಾರೂ ಅವನ್ನ ಹಟ್ಟಿ ದಾಟಿಸ್ಬ್ಯಾಡ್ರಿ."

ಅಪ್ಪ ತಲೆಯಾಡಿಸಿದ.  ಆದರೆ ಹುಚ್ಚಕ್ಕನಿಗೆ ಅವ್ವನ ಕೊನೆಯ ದಿನಗಳು ನೆನಪಾಗುತ್ತಿದ್ದವು. ಅವ್ವನೂ ಹೀಗೇ ಸುಧಾರಿಸಿಕೊಂಡಿದ್ದಳು. ಎದ್ದು ಓಡಾಡಿದ್ದಳು, ರಾಗಿ ಬೀಸಿದ್ದಳು, ಮಗಳ ತಲೆ ಬಾಚಿದ್ದಳು. ಎಲ್ಲರೂ ಮರೆತ ಮೇಲೆ ಒಂದು ಬೆಳಗ್ಗೆ, ನೀರಿನ ಕೊಡ ಹೊತ್ತು ಹೊಸ್ತಿಲು ದಾಟುವಾಗ ಬಿದ್ದವಳು ಮತ್ತೆ ಏಳಲಿಲ್ಲ. ಮೊದಲ ಪೆಟ್ಟು ಅವ್ವನನ್ನು ಕೊಂದಿರಲಿಲ್ಲ. ಎರಡನೆಯದು ಕೊಂದಿತ್ತು.

ಬೆಳಗಾಗುತ್ತಲೇ ತಮ್ಮನ ಮುಖ ನೋಡಿದಳು. ಎಡಗಣ್ಣಿನ ರೆಪ್ಪೆ ಜೋತುಬಿದ್ದು ಕಣ್ಣು ಪೂರ್ತಿ ಮುಚ್ಚಿತ್ತು. ಎತ್ತು ಎಂದರೆ ಎತ್ತಲಾಗಲಿಲ್ಲ.

"ಪಾಲಮ್ಮ, ನಾನಿವನ್ನ ಹಿರಿಯೂರಿಗೆ ಕರ್ಕೊಂಡೋಗ್ತೀನಿ," ಎಂದಳು.

ಪಾಲಮ್ಮ ಕೂಸನ್ನು ಎದೆಗೊತ್ತಿಕೊಂಡು, "ಹೋಗಕ್ಕ. ಯಾರು ಏನಂದ್ರೂ ಹೋಗು," ಎಂದಳು.

ಅಜ್ಜಪ್ಪ ಬಾಗಿಲಿಗೆ ಅಡ್ಡ ನಿಂತ. "ಸೋಮವಾರದಗಂಟ ಕಾಯಕ್ಕೇನು ನಿಂಗೆ?"

"ಅವ್ವ ಕಾದಿದ್ಲು ಮಾವ."

ಅಷ್ಟೇ ಅಂದಳು. ಅಜ್ಜಪ್ಪ ಬಾಗಿಲು ಬಿಟ್ಟು ಸರಿದ. ಕಾಟಲಿಂಗಪ್ಪ ಮಗಳ ಮುಖವನ್ನೂ ಬಾವಮೈದುನನ ಮುಖವನ್ನೂ ನೋಡಿದ. ಆಮೇಲೆ ಹೋಗಿ ಗಾಡಿಗೆ ಎತ್ತು ಹೂಡಿದ. ಕುಲುಕದಿರಲೆಂದು ಗಾಡಿಯ ತುಂಬ ಶೇಂಗಾ ಬಳ್ಳಿ ಹರವಿ, ಮೇಲೆ ಕಂಬಳಿ ಹಾಸಿ, ಚಿತ್ತಯ್ಯನನ್ನು ಮಲಗಿಸಿಕೊಂಡು ಧರ್ಮಪುರ ಮುಟ್ಟಿದರು. ಅಲ್ಲಿಂದ ಅಕ್ಕ ತಮ್ಮ ಇಬ್ಬರೂ ಬಸ್ಸು ಹತ್ತಿದರು. ಕಂಡಕ್ಟರು ಹಿಂದಿನ ಉದ್ದ ಸೀಟನ್ನೇ ಬಿಡಿಸಿಕೊಟ್ಟ.

ಹಿರಿಯೂರಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಶಿವಕುಮಾರಪ್ಪ, ಹೊಸದುರ್ಗದ ಕಡೆಯವರು. ಹೊರಗೆ ಜನ ಸಾಲುಗಟ್ಟಿದ್ದರೂ ಚಿತ್ತಯ್ಯನ ಕಣ್ಣು ಕಂಡದ್ದೇ ಕುರ್ಚಿಯಿಂದ ಎದ್ದರು. ಗದ್ದವನ್ನು ಎದೆಗೆ ಮುಟ್ಟಿಸು ಎಂದರು. ಚಿತ್ತಯ್ಯನ ಕತ್ತು ಹಲಗೆಯಂತೆ ಸೆಟೆದಿತ್ತು, ಬಗ್ಗಲೇ ಇಲ್ಲ. ಜೋತುಬಿದ್ದ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಒಳಗಿನ ಕಪ್ಪು ಪಾಪೆ ಅಗಲವಾಗಿ ಅರಳಿಕೊಂಡು, ಬೆಳಕಿಗೆ ಕಿರಿದಾಗಲಿಲ್ಲ.

"ನೋವು ಸ್ವಲ್ಪ ಸ್ವಲ್ಪ ಏರ್ತೋ, ಇಲ್ಲ ಒಂದೇ ಸಲಕ್ಕೆ ಬಂತೋ?"

"ಒಂದೇ ಸಲ, ಸ್ವಾಮಿ. ಸಿಡ್ಲು ಹೊಡ್ದಂಗೆ," ಎಂದ ಚಿತ್ತಯ್ಯ.

ಹುಚ್ಚಕ್ಕ ಅವ್ವನ ಸಂಗತಿ, ಓಬಯ್ಯ ಮಾವನ ಸಂಗತಿ ಎಲ್ಲ ಹೇಳಿದಳು. ನಾಗರ ಹಾವಿನ ಮಾತನ್ನೂ ಮುಚ್ಚಿಡಲಿಲ್ಲ. ಡಾಕ್ಟರು ನಗಲಿಲ್ಲ.

"ನೋಡವ್ವ, ಮಿದುಳಿಗೆ ರಕ್ತ ಹೋಗೋ ನಾಳದಾಗೆ ಒಂದು ಕಡೆ ಗೋಡೆ ತೆಳ್ಳಗಾಗಿ ಗುಳ್ಳೆ ಥರ ಉಬ್ಬಿರ್ತೈತೆ. ನಿನ್ನ ತಮ್ಮಂದು ಸೋರೈತೆ ಅಂತ ನಂಗೆ ಅನುಮಾನ. ಮತ್ತೆ ಒಡೆದ್ರೆ ಕಷ್ಟ. ಇದಕ್ಕೆ ಚಿತ್ರದುರ್ಗದಾಗೂ ಆಗಲ್ಲ, ತಲೆ ತೆರೆಯೋರು ಇರೋದು ಬೆಂಗಳೂರಾಗೆ. ಇವತ್ತೇ ಹೋಗ್ಬೇಕು. ಆದ್ರೆ ಇವ್ನು ಕೂರಬಾರ್ದು, ಎದ್ದು ನಿಲ್ಲಬಾರ್ದು, ಕೆಮ್ಮಲೂಬಾರ್ದು. ಮಲಗೇ ಹೋಗ್ಬೇಕು."

ಅಂಥ ಗಾಡಿ ಆ ಹೊತ್ತಿಗೆ ಹಿರಿಯೂರಿನಲ್ಲಿ ಇರಲಿಲ್ಲ. ಶಿವಕುಮಾರಪ್ಪ ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನೂ ತೆಗೆಯದೆ ತೆಂಗಿನಕಾಯಿ ಮಂಡಿಗೆ ನಡೆದರು. ಅಲ್ಲಿ ಬೆಂಗಳೂರಿಗೆ ಹೊರಡುವ ಲಾರಿಗೆ ಕಾಯಿ ತುಂಬಿಸುತ್ತಿದ್ದವನು ರೇವಣಸಿದ್ದಪ್ಪ. ಡಾಕ್ಟರ ಮಾತು ಪೂರ್ತಿ ಕೇಳುವ ಮುಂಚೆಯೇ, "ಲೇ, ಸಾಕು, ನಿಲ್ಲಿಸ್ರಲೇ!" ಎಂದು ಆಳುಗಳನ್ನು ಕೂಗಿದ. ಅರ್ಧ ತುಂಬಿದ ಲಾರಿಯಲ್ಲಿ ತೆಂಗಿನ ನಾರು ಹರವಿಸಿದ. ಮನೆಯಿಂದ ತನ್ನ ಹತ್ತಿಯ ಹಾಸಿಗೆಯನ್ನೇ ತರಿಸಿ ಹಾಸಿದ. ಬಿಸಿಲು ಬೀಳದಂತೆ ಟಾರ್ಪಾಲು ಕಟ್ಟಿಸಿ, ಡ್ರೈವರಿಗೆ, "ಬಾಣಂತೀನ ಕರ್ಕೊಂಡೋಗ್ತಿದ್ದೀನಿ ಅಂದ್ಕೊಂಡು ಓಡ್ಸು," ಎಂದ.

ಡ್ರೈವರು ಹಾಗೇ ಓಡಿಸಿದ. ಪ್ರತಿ ಮೋರಿ, ಪ್ರತಿ ಗುಂಡಿ ಬಂದಾಗಲೂ ಲಾರಿ ಕಾಲಿಟ್ಟು ನೋಡುವ ಹಸುವಿನಂತೆ ಮೆಲ್ಲಗೆ ಇಳಿದು ಏರುತ್ತಿತ್ತು. ಹುಚ್ಚಕ್ಕ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಕೂತಳು. ಸಿರಾ ದಾಟಿದ ಮೇಲೆ ಚಿತ್ತಯ್ಯ ಮೆಲ್ಲಗೆ ಕೇಳಿದ.

"ಅಕ್ಕ, ನಾನೂ ಅವ್ವನಂಗೆ ಹೋಗ್ತೀನಾ?"

"ಅವ್ವನ್ನ ಯಾರೂ ಲಾರಿ ಹತ್ತಿಸ್ಲಿಲ್ಲ ಕಣಪ್ಪ. ನಿನ್ನ ಹತ್ಸೀವಿ. ಸುಮ್ಕೆ ಮಲೀಕೊ."

ತುಮಕೂರು ದಾಟಿ ಬೆಂಗಳೂರಿನ ನರರೋಗದ ಆಸ್ಪತ್ರೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಶಿವಕುಮಾರಪ್ಪ ಕೊಟ್ಟಿದ್ದ ಚೀಟಿ ನೋಡಿದ್ದೇ ಚಿತ್ತಯ್ಯನನ್ನು ಒಳಗೆ ಕರೆದುಕೊಂಡರು. ಬೆನ್ನುಮೂಳೆಯ ಸಂದಿನಿಂದ ನೀರು ತೆಗೆದರು. ತಿಳಿಯಾಗಿ ಬರಬೇಕಾದ ನೀರಿನಲ್ಲಿ ರಕ್ತ ಬೆರೆತಿತ್ತು. ಮಾರನೆಯ ದಿನ ಕತ್ತಿನ ನಾಳಕ್ಕೆ ಔಷಧಿ ಚುಚ್ಚಿ ತಲೆಯ ಎಕ್ಸರೇ ತೆಗೆದರು.

ಅಲ್ಲಿನ ಸರ್ಜನ್ನು ಮಿತಭಾಷಿ, ತೆಳ್ಳನೆಯ ಮನುಷ್ಯ. ಎಕ್ಸರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಚ್ಚಕ್ಕನನ್ನು ಹತ್ತಿರ ಕರೆದರು. ಎಲೆ ಉದುರಿದ ಜಾಲಿಮರದಂತೆ ರಕ್ತನಾಳಗಳು ಕವಲೊಡೆದು ಹರಡಿದ್ದವು. ಒಂದು ಕವಲಿನ ಸಂದಿಯಲ್ಲಿ ಕಾರೆಹಣ್ಣಿನಂಥ ಪುಟ್ಟ ಉಬ್ಬು ಜೋತುಕೊಂಡಿತ್ತು.

"ಇದೇ ಗುಳ್ಳೆ. ಇದು ಒತ್ತುತ್ತಾ ಇರೋದಕ್ಕೇ ಕಣ್ಣಿನ ರೆಪ್ಪೆ ಬಿದ್ದಿದೆ."

ಹುಚ್ಚಕ್ಕ ಬಹಳ ಹೊತ್ತು ನೋಡಿದಳು. ಅವ್ವನನ್ನು ತಿಂದದ್ದು ಇಷ್ಟೇ ಇಷ್ಟು. ಇದಕ್ಕೆ ಹೆಡೆ ಇರಲಿಲ್ಲ, ಸಿಟ್ಟಿರಲಿಲ್ಲ.

"ಇಂಥಾದ್ದು ನಮ್ಮ ವಂಶಕ್ಕೆ ಮಾತ್ರ ಬರ್ತೈತಾ ಸ್ವಾಮಿ?"

"ಇಲ್ಲಮ್ಮ. ದಾರಿಯಲ್ಲಿ ಹೋಗುವ ನೂರು ಜನರನ್ನು ನಿಲ್ಲಿಸಿದರೆ ಇಬ್ಬರು ಮೂವರ ತಲೆಯೊಳಗಾದರೂ ಇರುತ್ತೆ. ನನ್ನ ತಲೆಯಲ್ಲೇ ಇರಬಹುದು. ಹೆಚ್ಚಿನವು ಒಡೆಯೋದೇ ಇಲ್ಲ. ಗುಳ್ಳೆ ಇತ್ತು ಅನ್ನೋದೇ ಗೊತ್ತಾಗದೆ ಮುದುಕರಾಗಿ ಬೇರೆ ಯಾವುದಕ್ಕೋ ಸಾಯ್ತಾರೆ. ಕೆಲವು ಮನೆತನಗಳಲ್ಲಿ ಸ್ವಲ್ಪ ಜಾಸ್ತಿ ಬರುತ್ತೆ, ಅದು ನಿಜ. ಆದರೆ ಒಡೆದರೆ ಮಾತ್ರ ಬಹಳ ಕೆಟ್ಟದ್ದು. ಅರ್ಧಕ್ಕರ್ಧ ಜನ ಉಳಿಯೋದಿಲ್ಲ. ಒಂದು ಸಲ ಸೋರಿದ್ದು ಕೆಲವೇ ವಾರಗಳಲ್ಲಿ ಮತ್ತೆ ಒಡೆಯೋದು ಹೆಚ್ಚು."

"ಅದುನ್ನ ಏನ್ ಮಾಡ್ತೀರಿ?"

"ತಲೆಬುರುಡೆ ತೆರೆದು, ಗುಳ್ಳೆಯ ಕತ್ತಿಗೆ ಒಂದು ಸಣ್ಣ ಕ್ಲಿಪ್ಪು ಹಾಕ್ತೀವಿ. ಆಮೇಲೆ ಅದರೊಳಕ್ಕೆ ರಕ್ತ ನುಗ್ಗೋದಿಲ್ಲ."

"ನೀವು ಹಿಂಗೆ ಮಾಡ್ದೋರೆಲ್ಲ ಬದುಕವ್ರಾ?"

ಸರ್ಜನ್ನು ಹಾಳೆ ಕೆಳಗಿಟ್ಟರು. "ಎಲ್ಲರೂ ಇಲ್ಲ. ಕೆಲವರು ಮೇಜಿನ ಮೇಲೇ ಹೋದರು. ಕೆಲವರಿಗೆ ಕೈಕಾಲು ಬಿದ್ದುಹೋಯ್ತು. ಆದರೆ ನಿನ್ನ ತಮ್ಮನಿಗೆ ಜ್ಞಾನ ಇದೆ, ಮಾತು ಇದೆ. ಇಷ್ಟು ಬೇಗ, ಇಷ್ಟು ಚೆನ್ನಾಗಿರುವಾಗ ಬಂದವರಲ್ಲಿ ಬದುಕುವವರೇ ಜಾಸ್ತಿ."

ಸುಳ್ಳು ಧೈರ್ಯ ಹೇಳಿದ್ದರೆ ಹುಚ್ಚಕ್ಕ ಹೆದರುತ್ತಿದ್ದಳೇನೋ. ನಿಜ ಹೇಳಿದ್ದರಿಂದ ಅವಳಿಗೆ ಆ ಮನುಷ್ಯನ ಮೇಲೆ ನಂಬಿಕೆ ಕುಳಿತಿತು.

ಆಪರೇಷನ್ ಗೊತ್ತುಮಾಡಿದ ಸುದ್ದಿ ರೇವಣಸಿದ್ದಪ್ಪನ ಲಾರಿಯವರ ಬಾಯಿಂದ ಹಟ್ಟಿ ಮುಟ್ಟಿತು. ಕೆಲವು ದಿನ ಕಳೆಯುವಷ್ಟರಲ್ಲಿ ಅಜ್ಜಪ್ಪ, ಕಾಟಲಿಂಗಪ್ಪ, ಹಟ್ಟಿಯ ಇಬ್ಬರು ಹರೆಯದವರು ಕಂಬಳಿ ಹೊದ್ದುಕೊಂಡು ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಚಿತ್ತಯ್ಯನನ್ನು ವಾಪಸ್ಸು ಕರೆದೊಯ್ಯುವುದೆಂದು ಮಾತಾಡಿಕೊಂಡೇ ಬಂದಿದ್ದರು.

"ತಲೆ ಒಡುದ್ರೆ ಜೀವ ಉಳೀತೈತೇನಮ್ಮ? ಹುಟ್ಟಿದ ಮ್ಯಾಲೆ ಕತ್ತರಿ ಮುಟ್ಟಿಸ್ದೆ ಬೆಳ್ಸಿರೋ ಹರಕೆ ಕೂದ್ಲು ಬೋಳಿಸ್ತಾರಂತೆ!" ಎಂದು ಅಜ್ಜಪ್ಪ ಹುಚ್ಚಕ್ಕನ ಮೇಲೆ ಏರಿಹೋದ.  ಅಕ್ಕನನ್ನೂ ಅಣ್ಣನನ್ನೂ ಮಣ್ಣು ಮಾಡಿ ಬಂದವನು ಅವನು. ಈಗ ಅಕ್ಕನ ಮಗ.

ಹುಚ್ಚಕ್ಕ ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿಂದ ಚಿತ್ತಯ್ಯನೇ ಮಾತಾಡಿದ.

"ಮಾವ, ತಲೆ ಉಳುದ್ರೆ ಕೂದ್ಲು ಬೆಳೀತೈತೆ. ನಾನು ಆ ಎಕ್ಸರೇ ನೋಡೀನಿ. ನನ್ನ ತಲೆಯಾಗಿರೋದು ಹಾವಲ್ಲ, ಗುಳ್ಳೆ. ತೆಗೆಸ್ಕೊಂತೀನಿ. ನಾನು ಅವ್ವ ಇಲ್ದಂಗೆ ಬೆಳ್ದೆ, ನನ್ನ ಕೂಸು ಅಪ್ಪ ಇಲ್ದಂಗೆ ಬೆಳೆಯಾದು ಬ್ಯಾಡ."

 ಅದೇ ಹೊತ್ತಿಗೆ ನರ್ಸು ಶಾಂತಕ್ಕ ಒಳಗೆ ಬಂದಳು. ಹೊಳಲ್ಕೆರೆಯವಳು, ಹುಚ್ಚಕ್ಕನ ಮಾತಿನ ಧಾಟಿ ಕೇಳಿದ ಮೊದಲ ದಿನವೇ ನಂಟು ಬೆಳೆಸಿದ್ದಳು. ಬಾಗಿಲಲ್ಲಿ ನಿಂತ ಗಂಡಸರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಬರ್ರಿ ಬರ್ರಿ, ಒಳ್ಳೆ ಹೊತ್ತಿಗೆ ಬಂದೀರಿ. ಆಪರೇಷನ್ನಿಗೆ ರಕ್ತ ಬೇಕು. ನಿಮ್ಮಾಗೆ ಯಾರು ಕೊಡ್ತೀರಿ?" ಎಂದಳು.

ಹರೆಯದವರು ಹಿಂದೆ ಸರಿದರು. ಕಾಟಲಿಂಗಪ್ಪ ತೋಳು ಚಾಚಿದ. ವಯಸ್ಸಾಯಿತು, ಬೇಡ ಎಂದಳು ಶಾಂತಕ್ಕ. ಹುಚ್ಚಕ್ಕ ಆಗಲೇ ಹಿಂದಿನ ದಿನ ಕೊಟ್ಟಿದ್ದಳು. ಅಜ್ಜಪ್ಪ ಅಳಿಯನ ಜೋತುಬಿದ್ದ ಕಣ್ಣನ್ನು ನೋಡಿದ. ಆಮೇಲೆ ಕಂಬಳಿ ತೆಗೆದು ಕಾಟಲಿಂಗಪ್ಪನ ಕೈಗಿತ್ತ.

"ನಂದು ತಗಳವ್ವ. ಎಷ್ಟು ಬೇಕೋ ಅಷ್ಟು ತಗ. ಅವ್ನು ನಮ್ಮಕ್ಕನ ಮಗ."

ಶಾಂತಕ್ಕ ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಳು. ಅವಳ ಹುಬ್ಬು ಮೇಲೇರಿತು. ಮತ್ತೊಮ್ಮೆ ಹಾಕಿದಳು. "ಅಜ್ಜಾ, ನಿಮಗೆ ರಕ್ತದ ಒತ್ತಡ ಬಹಳ ಐತೆ. ನಿಮ್ಮ ರಕ್ತ ತಗಳಂಗಿಲ್ಲ."

"ಯಾಕ್ ಬ್ಯಾಡ? ನನ್ನ ರಕ್ತಕ್ಕೇನಾಗೈತೆ?" ಅಜ್ಜಪ್ಪನಿಗೆ ಅವಮಾನವಾಯಿತು. ಆಪರೇಷನ್ ಬೇಡ ಎನ್ನಲು ಬಂದವನೇ ಈಗ ರಕ್ತ ತೆಗೆದುಕೊಳ್ಳಿ ಎಂದು ಜಗಳಕ್ಕೆ ನಿಂತಿದ್ದ. ಸರ್ಜನ್ನೇ ಬಂದು ಬಿಡಿಸಿ ಹೇಳಬೇಕಾಯಿತು: ಈ ಒತ್ತಡವೇ ಗುಳ್ಳೆಯನ್ನು ಉಬ್ಬಿಸುವುದು, ಬೀಡಿ ಅದಕ್ಕೆ ಜೊತೆಗಾರ, ಅಕ್ಕ ಅಣ್ಣ ಇಬ್ಬರೂ ಹೀಗೆ ಹೋಗಿದ್ದಾರೆಂದರೆ ನೀನು ಬೀಡಿ ಬಿಟ್ಟು ದಿನವೂ ಮಾತ್ರೆ ನುಂಗಬೇಕು. ಅಜ್ಜಪ್ಪ ಎಲ್ಲ ಕೇಳಿಸಿಕೊಂಡು, ಸೊಂಟದ ಸಂಚಿಯಿಂದ ಬೀಡಿಕಟ್ಟು ತೆಗೆದು ಕಿಟಕಿಯಾಚೆ ಎಸೆದ. ಅನಂತರ ಹರೆಯದವರ ಕಡೆ ತಿರುಗಿ, "ನೋಡ್ತಾ ನಿಂತೀರಲ್ಲ, ಮಲೀಕಳ್ರಲೇ ಅಲ್ಲಿ!" ಎಂದು ಗದರಿದ. ಇಬ್ಬರೂ ತೆಪ್ಪಗೆ ಹೋಗಿ ಮಲಗಿದರು.

ಆಪರೇಷನ್ನಿನ ದಿನ ಬೆಳಗ್ಗೆ ಬೋಳುತಲೆಯ ಚಿತ್ತಯ್ಯನನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ದರು. ಹಟ್ಟಿಯವರೆಲ್ಲ ಅಂಗಳದ ಹೊಂಗೆಮರದ ಕೆಳಗೆ ಕೂತರು. ಬಿಸಿಲು ನೆತ್ತಿಗೆ ಬಂತು, ಪಡುವಣಕ್ಕೆ ವಾಲಿತು. ಹುಚ್ಚಕ್ಕ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ತಾನೇ ಹಟ ಹಿಡಿದು ತಂದದ್ದು. ಏನಾದರೂ ಆದರೆ ಪಾಲಮ್ಮನ ಮುಖ ಹೇಗೆ ನೋಡುವುದು ಎಂಬ ಒಂದೇ ಯೋಚನೆ ಅವಳನ್ನು ಅರೆಯುತ್ತಿತ್ತು.

ಕೊನೆಗೆ ಸರ್ಜನ್ನು ಹೊರಗೆ ಬಂದರು. ಮುಖ ಬಾಡಿತ್ತು, ಕಣ್ಣು ನಗುತ್ತಿತ್ತು. "ಕ್ಲಿಪ್ಪು ಚೆನ್ನಾಗಿ ಕೂತಿದೆ. ಗುಳ್ಳೆ ಮುದುಡಿಕೊಂಡಿತು. ಇನ್ನು ಅವನಿಗೆ ಎಚ್ಚರ ಆಗಬೇಕು."

ಎಚ್ಚರವಾಗಲು ಮಾರನೆಯ ದಿನ ಬೇಕಾಯಿತು. ಚಿತ್ತಯ್ಯ ಬಲಗಣ್ಣು ತೆರೆದ. ಕೈ ಎತ್ತು ಎಂದರೆ ಎತ್ತಿದ. ಆದರೆ ಹೆಸರೇನು ಎಂದರೆ ಸುಮ್ಮನೆ ನೋಡಿದ. ಊರು ಯಾವುದು ಎಂದರೂ ಅಷ್ಟೇ. ಶಾಂತಕ್ಕ ಹೊರಗೆ ಬಂದು ಹುಚ್ಚಕ್ಕನ ಕೈ ಹಿಡಿದಳು.

"ಮಾತು ಬರ್ತಿಲ್ಲ ಕಣವ್ವ. ನೀನೊಂದ್ಸಲ ಮಾತಾಡ್ಸು. ನಿಮ್ಮ ಮನೆ ಮಾತಾಗೇ ಮಾತಾಡ್ಸು."

ಹುಚ್ಚಕ್ಕ ಒಳಗೆ ಹೋದಳು. ತಲೆತುಂಬ ಬಿಳಿಯ ಪಟ್ಟಿ ಸುತ್ತಿಕೊಂಡು ಮಲಗಿದ ತಮ್ಮನನ್ನು ಕಂಡು ಏನು ಹೇಳಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಮಾತಲ್ಲ. ಅವನು ಪುಟ್ಟವನಿದ್ದಾಗ ಅವಳೇ ಕಲಿಸಿದ, ಚದುರಿದ ಕುರಿಗಳನ್ನು ಒಟ್ಟುಗೂಡಿಸುವ ಕೂಗು.

"ಹುರ್ರ್ರ್... ತ್ರ್ರ್ರ್ ಬಾ..."

ವಾರ್ಡಿನ ರೋಗಿಗಳೆಲ್ಲ ತಿರುಗಿ ನೋಡಿದರು. ಚಿತ್ತಯ್ಯನ ತುಟಿ ಅಲುಗಿತು. ಅವಳು ಮತ್ತೊಮ್ಮೆ ಕೂಗಿದಳು. ಒಣಗಿದ ಗಂಟಲಿನಿಂದ, ಕೀರಲಾಗಿ, ಆದರೆ ಒಂದು ಅಕ್ಷರವೂ ತಪ್ಪದೆ ಅವನು ಕೂಗನ್ನು ಮುಗಿಸಿದ.

"...ಬಾ ಬಾ ಬಾ, ಹೋಯ್!"

ಆಮೇಲೆ ಅಕ್ಕನನ್ನು ಗುರುತು ಹಿಡಿದು ಕೇಳಿದ: "ಆ ಟಗ್ರು ಸಿಕ್ತಾ?"

ಹುಚ್ಚಕ್ಕ ನಕ್ಕಳು, ಅತ್ತಳು, ಎರಡೂ ಒಟ್ಟಿಗೇ. "ಸಿಕ್ತು ಕಣೋ! ಅರ್ಧ ಬೋಳು ನಿಂತೈತೆ ನಿನ್ನಂಗೇ!" ಕಿಟಕಿಯಾಚೆ ನಿಂತಿದ್ದ ಅಜ್ಜಪ್ಪ ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಸಂಜೆ ಸರ್ಜನ್ನು ಬಂದು, ಏನೋ ಮೃಗದ ಕೂಗು ಕೇಳಿಸಿತಂತಲ್ಲ ಎಂದರು. ಶಾಂತಕ್ಕ ನಡೆದದ್ದನ್ನು ಹೇಳಿದಾಗ ಆ ಮಿತಭಾಷಿಯ ನಗು ಕಾರಿಡಾರಿನ ತುದಿಯವರೆಗೂ ಕೇಳಿಸಿತು.

ವಾರಗಳು ಕಳೆದ ಮೇಲೆ ಅಕ್ಕ ತಮ್ಮ ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಚಿತ್ತಯ್ಯ ತನ್ನ ಕಾಲ ಮೇಲೆ ತಾನೇ ನಡೆದು ಆಸ್ಪತ್ರೆಗೆ ಹೋದ. ಶಿವಕುಮಾರಪ್ಪ ರೋಗಿಯೊಬ್ಬನ ನಾಡಿ ಹಿಡಿದವರು, ಬಾಗಿಲಲ್ಲಿ ಅವನನ್ನು ಕಂಡು, "ತಡಿಯಪ್ಪ ಒಂದ್ನಿಮಿಷ," ಎಂದು ಎದ್ದು ಓಡಿಬಂದರು. ಕತ್ತು ಬಗ್ಗಿಸು ಎಂದರು, ಬಗ್ಗಿತು. ಕಣ್ಣು ತೆರೆ ಎಂದರು. ಎಡರೆಪ್ಪೆ ಪೂರ್ತಿ ಅಲ್ಲದಿದ್ದರೂ ಅರ್ಧ ಮೇಲೆದ್ದಿತು. ಡಾಕ್ಟರು ಸಾಲಿನಲ್ಲಿ ಕೂತ ಜನಕ್ಕೆಲ್ಲ ಕೇಳುವಂತೆ ಕೂಗಿದರು: "ನೋಡ್ರಪ್ಪ, ಇವನ್ನ ನೋಡ್ರಿ! ಸತ್ತೋಗ್ಬೇಕಾಗಿದ್ದೋನು ಇವ್ನು!" ಸುದ್ದಿ ಮಂಡಿಗೂ ಹೋಗಿ, ರೇವಣಸಿದ್ದಪ್ಪ ಎಳನೀರಿನ ಗೊನೆಯನ್ನೇ ಹೊರಿಸಿಕೊಂಡು ಬಂದ. ಸಾಲಿನಲ್ಲಿದ್ದ ಜ್ವರದವರಿಗೂ ಕೆಮ್ಮಿನವರಿಗೂ ಒಂದೊಂದು ಸಿಕ್ಕಿತು.

ಧರ್ಮಪುರದಲ್ಲಿ ಬಸ್ಸು ನಿಂತಾಗ ಪಾಲಮ್ಮ ಕೂಸಿನೊಂದಿಗೆ ಕಾದಿದ್ದಳು. ಗಂಡನ ತಲೆಯ ಮೇಲಿನ ಗಾಯದ ಗೆರೆಯನ್ನು ಬೆರಳಲ್ಲಿ ಮೆಲ್ಲಗೆ ಸವರಿದಳು.  ಗಂಡನಕ್ಕನ ಕಾಲಿಗೆ ಬಗ್ಗಿದಳು. ಹುಚ್ಚಕ್ಕ ಅವಳನ್ನು ಅರ್ಧದಲ್ಲೇ ಹಿಡಿದೆತ್ತಿ, "ಏಯ್, ನೀನು ಹೋಗು ಅಂದಿದ್ದಕ್ಕೇ ನಾನು ಹೋಗಿದ್ದು," ಎಂದು ಕೂಸನ್ನು ಎತ್ತಿಕೊಂಡಳು.

ಶಿವಕುಮಾರಪ್ಪ ಒಂದು ಭಾನುವಾರ ಒತ್ತಡ ನೋಡುವ ಯಂತ್ರ ಹಿಡಿದು ತಾವೇ ಹಟ್ಟಿಗೆ ಬಂದರು. ಅವ್ವನ ಬಳ್ಳಿಯವರನ್ನೆಲ್ಲ ಕೂರಿಸಿ ಒಬ್ಬೊಬ್ಬರದನ್ನೇ ನೋಡಿದರು. ಅಜ್ಜಪ್ಪ ಮಾತ್ರೆಯ ಡಬ್ಬಿ ಅಲ್ಲಾಡಿಸಿ ತೋರಿಸುತ್ತಾ, ಹೆದರುವವರನ್ನು ತೋಳು ಹಿಡಿದು ತಂದು ಕೂರಿಸಿದ. ಚಿತ್ತಯ್ಯನಿಗೆ ಭಾರ ಎತ್ತಬೇಡ ಎಂದಿದ್ದರು. ಟಗರು ಕೆಡವುವ ಕೆಲಸ ಹರೆಯದವರಿಗೆ ಹೋಯಿತು. ಕುರಿ ಮೇಯಿಸುವುದು ಅವನದೇ ಉಳಿಯಿತು.

ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹರಿದು ತುರುವನೂರಿನ ಕಡೆಗೂ ಹೋಯಿತು. ಮಳೆಗಾಲ ಮುಗಿದ ಮೇಲೆ ಅಲ್ಲಿಂದ ಬೋರಕ್ಕ ಎಂಬ ಹೆಂಗಸು ಗಂಡನನ್ನು ಕರೆದುಕೊಂಡು ಹುಚ್ಚಕ್ಕನ ಮನೆ ಹುಡುಕಿಕೊಂಡು ಬಂದಳು.

"ಇವ್ರಿಗೆ ತಲೆನೋವಕ್ಕ. ನೀನು ನಿನ್ನ ತಮ್ಮನ್ನ ಉಳಿಸ್ಕೊಂಡ್ಯಂತೆ. ನಮಗೇನೂ ತಿಳೀವಲ್ದು."

ಹುಚ್ಚಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದಳು. "ನಂಗೂ ತಿಳಿಯಲ್ಲ ಕಣವ್ವ. ತಿಳಿದೋರು ಹಿರಿಯೂರಾಗೆ ಅವ್ರೆ. ಬಸ್ಸಿಗೆ ಹೊತ್ತಾಗ್ತೈತೆ, ಹೋಗಾಣ ನಡೀರಿ."

ಶಿವಕುಮಾರಪ್ಪ ಬೋರಕ್ಕನ ಗಂಡನ ಕತ್ತು ಬಗ್ಗಿಸಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು, ಕೂರಿಸಿ ಬಹಳ ಹೊತ್ತು ವಿಚಾರಿಸಿದರು. ಕೊನೆಗೆ ನಕ್ಕರು. "ಇದು ಬರೀ ಅರೆತಲೆನೋವು. ವರ್ಷಾನುಗಟ್ಲೆಯಿಂದ ಬಂದು ಹೋಗ್ತಾ ಐತೆ. ಇದಕ್ಕೆ ಹೆದರಬ್ಯಾಡ್ರಿ." ಮತ್ತೆ ಹುಚ್ಚಕ್ಕನಿಗೆ ಹೇಳಿದರು: "ತಲೆನೋವು ಅಂತ ಬರೋರಾಗೆ ಹೆಚ್ಚಿನೋರದ್ದು ಹಿಂಗೇ ಇರ್ತೈತವ್ವ. ಆದ್ರೂ ಕರ್ಕೊಂಡು ಬಾ. ಸಿಡ್ಲು ಹೊಡ್ದಂಗೆ ಬಂತು ಅಂತ ಯಾರಾದ್ರೂ ಅಂದ್ರೆ, ಊಟಕ್ಕೂ ನಿಲ್ಲಬ್ಯಾಡ."

ಹೊರಗೆ ಬಂದಾಗ ಬೋರಕ್ಕನ ಮುಖ ಅರಳಿತ್ತು. ಮೂವರೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಬಿಸಿಬಿಸಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದರು. ಹುಚ್ಚಕ್ಕ ಇನ್ನೊಂದು ಪ್ಲೇಟು ತರಿಸಿ, ಗಂಡಹೆಂಡಿರ ನಡುವೆ ತಳ್ಳಿದಳು.